ಬೆಲೆಯ ರೇಖೆಯನ್ನು ಓದುವ ಬಗೆ: ಬ್ಯಾಡಗಿ ಮೆಣಸಿನಕಾಯಿಯ ನಿದರ್ಶನ

ಬೆಲೆಯ ನಕ್ಷೆ ಬರೆಯುವ ವರ್ತಕರು ಯಾವ ಬೆಲೆಯನ್ನು ಗುರುತಿಸಬೇಕೆಂಬುದನ್ನು ಮೊದಲು ನಿಶ್ಚಯಿಸಬೇಕು. ಮಾರುಕಟ್ಟೆ ಸಮಿತಿಯ ದರಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ ಹಾಗೂ ಮಾದರಿ ಎಂಬ ಮೂರು ದರಗಳಿರುತ್ತವೆ. ಎಲ್ಲರ ಬಾಯಲ್ಲಿ ಓಡಾಡುವುದು ಗರಿಷ್ಠ ದರ. ಅದು ಉತ್ಕೃಷ್ಟ ಡಬ್ಬಿ ಕಾಯಿಯ ಕೆಲವೇ ಚೀಲಗಳಿಗೆ ದೊರೆತದ್ದಾಗಿರಬಹುದು. ಹೆಚ್ಚಿನ ಮಾಲು ಮಾರಾಟವಾದ ದರವೇ ಮಾದರಿ ದರ. ರೇಖೆಯನ್ನು ಅದರಿಂದಲೇ, ಅದೂ ತಳಿವಾರು ಎಳೆಯಬೇಕು. ಡಬ್ಬಿ, ಕಡ್ಡಿ, ಗುಂಟೂರು ಕಾಯಿಗಳನ್ನು ಬೆರೆಸಿದ ಸರಾಸರಿಯಿಂದ ಮಸಾಲೆ ಪುಡಿ ತಯಾರಕನಿಗೆ ಕಾಸಿನ ಪ್ರಯೋಜನವಿಲ್ಲ.

ರೇಖೆಯ ಕೆಳಗೆ ಆವಕದ ಕಂಬಗಳಿರಲಿ. ಜನವರಿಯಿಂದ ಮಾರ್ಚ್‌ವರೆಗೆ ಆವಕ ಏರಿ ದರ ಇಳಿದರೆ ಅದು ಬಹುಮಟ್ಟಿಗೆ ಸುಗ್ಗಿಯ ಒತ್ತಡ. 2024ರ ಮಾರ್ಚ್ 11ರಂದು ದರ ಕುಸಿತದಿಂದ ಕೆರಳಿದ ರೈತರು ಬ್ಯಾಡಗಿಯ ಸಮಿತಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟದ್ದು ಇಂತಹ ಸುಗ್ಗಿಯಲ್ಲಿಯೇ. ಆವಕ ಕುಗ್ಗಿದಾಗಲೂ ದರ ಇಳಿಯುತ್ತಿದ್ದರೆ ಬೇಡಿಕೆ ಸೊರಗಿದೆಯೆಂದು ಶಂಕಿಸಬಹುದು. ಆದರೆ ಕಡೆಯ ಕೊಯ್ಲಿನ ಕಾಯಿಗೆ ಬಣ್ಣ ಕಡಿಮೆ, ಆದುದರಿಂದ ಮಾಲನ್ನು ಕಣ್ಣಾರೆ ನೋಡದೆ ಹಾಗೆ ತೀರ್ಮಾನಿಸಲಾಗದು.

ಅಲ್ಲಿ ಮುಖ್ಯ ವಹಿವಾಟು ನಡೆಯುವುದು ಸೋಮವಾರ ಮತ್ತು ಗುರುವಾರ. ಆದಕಾರಣ ದಿನದ ಲೆಕ್ಕಕ್ಕಿಂತ ಸಂತೆಯಿಂದ ಸಂತೆಗೆ ಹೋಲಿಸುವುದು ಲೇಸು. ಶೈತ್ಯಾಗಾರಗಳಲ್ಲಿನ ದಾಸ್ತಾನು ಯಾವ ರೇಖೆಯಲ್ಲಿಯೂ ಕಾಣದು. ಅದನ್ನು ಪ್ರತ್ಯೇಕವಾಗಿ ವಿಚಾರಿಸಿ ನಕ್ಷೆಯ ಅಂಚಿನಲ್ಲಿ ಬರೆದಿಡತಕ್ಕದ್ದು.