ಮಣ್ಣಲ್ಲಿ ಹುಲಿ, ಡಾಂಬರಲ್ಲಿ ದೋಣಿ

ಕೊಳ್ಳೇಗಾಲದಿಂದ ಲೊಕ್ಕನಹಳ್ಳಿ ದಾಟಿ ಒಡೆಯರಪಾಳ್ಯಕ್ಕೆ ಬಂದರೆ, ಮುಂದಿನ ದಾರಿ ಕಾಡಿನ ನಡುವೆ ಹಾಸನೂರಿನ ಕಡೆ ಹೋಗುತ್ತೆ. ಅಲ್ಲಿಂದ ಸತ್ಯಮಂಗಲಕ್ಕೆ ಇಳಿಯೋರಿಗೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳು ಕಾದಿರುತ್ತವೆ. ಇಂಥ ದಾರಿಗೆ ಫೋರ್ ವೀಲ್ ಡ್ರೈವ್ ಗಾಡಿಯೇ ಸರಿ ಅಂತ ಎಲ್ಲರೂ ಹೇಳ್ತಾರೆ. ಕೆಸರಿಗೆ, ಹಳ್ಳಕ್ಕೆ ಅದು ನಿಜ. ಆದರೆ ಆ ಗಾಡಿ ಓಡೋದರಲ್ಲಿ ಹೆಚ್ಚಿನ ಪಾಲು ಡಾಂಬರಿನ ಮೇಲೇ. ತಿರುವು ದಾಟಿದ ಕೂಡಲೇ ರಸ್ತೆಯಲ್ಲಿ ಆನೆ ನಿಂತಿದ್ದರೆ ಆಗ ಕೆಲಸಕ್ಕೆ ಬರೋದು ನಾಲ್ಕು ಚಕ್ರದ ಎಳೆತ ಅಲ್ಲ, ಗಾಡಿ ಸ್ಟೀರಿಂಗಿನ ಮಾತು ಕೇಳುತ್ತೋ ಇಲ್ಲವೋ ಅನ್ನೋದು.

ಎತ್ತರದ ಗಾಡಿಯನ್ನು ಡಾಂಬರಿನ ಮೇಲೆ ಪಳಗಿಸೋದು ಹೇಗೆ? ಇದಕ್ಕೆ ಪಿಯುಸಿ ಭೌತಶಾಸ್ತ್ರ ಸಾಕು. ಸಿವಿಲ್‌ನವರೂ ಕಂಪ್ಯೂಟರ್ ಸೈನ್ಸ್‌ನವರೂ ಪುಟ ತಿರುಗಿಸದೆ ಓದಬಹುದು.

ಲೆಕ್ಕಕ್ಕೆ ಒಂದು ಗಾಡಿ ಇಟ್ಟುಕೊಳ್ಳೋಣ. ತೂಕ 2000 ಕೆಜಿ, ಎಡಬಲ ಚಕ್ರಗಳ ನಡುವಿನ ಅಗಲ 1.5 ಮೀಟರ್, ಗುರುತ್ವ ಕೇಂದ್ರದ ಎತ್ತರ 0.75 ಮೀಟರ್. 20 ಮೀಟರ್ ತ್ರಿಜ್ಯದ ತಿರುವಿನಲ್ಲಿ 30 ಕಿ.ಮೀ. ವೇಗದಲ್ಲಿ ಹೋದರೆ ಪಾರ್ಶ್ವ ವೇಗೋತ್ಕರ್ಷ ಸುಮಾರು 0.35 ಜಿ. ಅದೇ ತಿರುವಿನಲ್ಲಿ 40 ಕಿ.ಮೀ. ಆದರೆ 0.63 ಜಿ. ವೇಗ ಏರಿದ್ದು ಮೂರರಲ್ಲೊಂದು ಪಾಲು, ಬಲ ಹೆಚ್ಚುಕಡಿಮೆ ಇಮ್ಮಡಿ. ಈ ಬಲವನ್ನು ಕೇಂದ್ರದ ಎತ್ತರದಿಂದ ಗುಣಿಸಿ, ಅಗಲದಿಂದ ಭಾಗಿಸಿದರೆ ಒಳಬದಿಯಿಂದ ಹೊರಬದಿಯ ಚಕ್ರಗಳಿಗೆ ಎಷ್ಟು ಭಾರ ದಾಟಿತು ಅನ್ನೋದು ಸಿಗುತ್ತೆ. 30ರಲ್ಲಿ ಸುಮಾರು 350 ಕೆಜಿ, 40ರಲ್ಲಿ 600 ಕೆಜಿ ಮೀರುತ್ತೆ. ಒಳಬದಿಯ ಎರಡೂ ಚಕ್ರ ಸೇರಿ ಹೊರೋದು ಆಗ 400 ಕೆಜಿಗಿಂತ ಕಡಿಮೆ.

ಈ ಲೆಕ್ಕದಲ್ಲಿ ಸ್ಪ್ರಿಂಗ್ ಎಲ್ಲಾದರೂ ಬಂತಾ ನೋಡಿ. ಬರಲಿಲ್ಲ. ಸ್ಪ್ರಿಂಗ್ ಗಟ್ಟಿ ಮಾಡಿದರೆ ಗಾಡಿ ವಾಲೋದು ಕಡಿಮೆ ಆಗುತ್ತೆ, ದಾಟುವ ಒಟ್ಟು ಭಾರ ಹೆಚ್ಚೂಕಡಿಮೆ ಅಷ್ಟೇ ಇರುತ್ತೆ. ವಾಲಾಟ ನಿಂತ ಕೂಡಲೇ ಹಿಡಿತ ಬಂತು ಅಂದುಕೊಳ್ಳೋರು ಬಹಳ ಜನ. ಟೈರಿನ ಸ್ವಭಾವ ಬೇರೆ: ಅದರ ಮೇಲೆ ಭಾರ ಇಮ್ಮಡಿಸಿದರೆ ಹಿಡಿತ ಇಮ್ಮಡಿಸೋದಿಲ್ಲ. ಹೊರಚಕ್ರ ಗಳಿಸಿದ್ದಕ್ಕಿಂತ ಒಳಚಕ್ರ ಕಳೆದುಕೊಂಡದ್ದೇ ಜಾಸ್ತಿ. ಹಾಗಾಗಿ ಮೊದಲು ಕೈ ಹಾಕಬೇಕಾದ್ದು ಎತ್ತರಕ್ಕೆ.

ಇದೇ ಗಾಡಿಯ ಮೇಲಿನ ಕ್ಯಾರಿಯರ್‌ನಲ್ಲಿ 150 ಕೆಜಿ ಮುಸುಕಿನ ಜೋಳದ ಮೂಟೆ ಹಾಕಿ, ನೆಲದಿಂದ 1.9 ಮೀಟರ್ ಎತ್ತರದಲ್ಲಿ. ಗುರುತ್ವ ಕೇಂದ್ರ 0.83 ಮೀಟರಿಗೆ ಏರುತ್ತೆ. ಅಗಲದ ಅರ್ಧವನ್ನು ಈ ಎತ್ತರದಿಂದ ಭಾಗಿಸಿದರೆ ಬರುವ ಸ್ಥಿರತೆಯ ಅಂಕ 1ರಿಂದ 0.9ಕ್ಕೆ ಇಳಿಯಿತು. ಅವೇ ಮೂಟೆ ಒಳಗೆ ನೆಲದ ಮೇಲಿದ್ದರೆ ಅಂಕ ಕದಲೋದೇ ಇಲ್ಲ. ಎರಡು ಇಂಚಿನ ಲಿಫ್ಟ್ ಕಿಟ್ ಹಾಕಿಸಿದರೂ ಅಂಕ 0.94ರ ಆಸುಪಾಸು, ಅಂದರೆ ಆ ಮೂಟೆಗಳು ಲಿಫ್ಟ್ ಕಿಟ್‌ಗಿಂತ ಕೆಟ್ಟವು! ಅಂಕ 1ರ ಹತ್ತಿರ ಇರೋ ಗಾಡಿ ಒಣ ರಸ್ತೆಯಲ್ಲಿ ಸಾಮಾನ್ಯವಾಗಿ ಉರುಳುವ ಮೊದಲು ಜಾರುತ್ತೆ. ಡಾಂಬರಿನ ಅಂಚು ಇಳಿದ ಚಕ್ರ ಮಣ್ಣಿಗೆ ಸಿಕ್ಕಿಕೊಂಡರೆ ಜಾರೋಕೂ ಜಾಗ ಇಲ್ಲ, ಉರುಳೋದೇ.

ಎರಡನೆಯದು ಗಾಳಿ. ಮರಳಿನಲ್ಲಿ, ಕೆಸರಿನಲ್ಲಿ ಗಾಳಿ ಇಳಿಸೋದು ಒಳ್ಳೆಯ ಅಭ್ಯಾಸ. ರಸ್ತೆಗೆ ಬಂದ ಮೇಲೆ ತುಂಬಿಸದಿದ್ದರೆ ಟೈರಿನ ಪಕ್ಕೆ ಬಾಗಿ ಸ್ಟೀರಿಂಗ್ ತಡವಾಗಿ ಉತ್ತರ ಕೊಡುತ್ತೆ, ಟೈರ್ ಒಳಗೊಳಗೇ ಕಾಯುತ್ತೆ. 2000ದಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ವಾಪಸ್ ಕರೆಸಿಕೊಂಡಿತು. ಅವು ಹೆಚ್ಚಾಗಿ ಇದ್ದದ್ದು ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ಎತ್ತರದ ಗಾಡಿಯಲ್ಲಿ. ಟೈರಿನ ಪದರ ಕಿತ್ತು ಗಾಡಿ ಉರುಳಿ ನೂರಾರು ಜನ ಸತ್ತಿದ್ದರು. ಆ ಗಾಡಿಗೆ ಫೋರ್ಡ್ ಹೇಳಿದ್ದ ಒತ್ತಡ 26 ಪಿಎಸ್‌ಐ. ಟೈರ್ ಕಂಪನಿ ಆಮೇಲೆ 30 ಇರಲಿ ಅಂದಿತು. ತಪ್ಪು ಯಾರದು ಅಂತ ಇಬ್ಬರೂ ವರ್ಷಗಟ್ಟಲೆ ಜಗಳ ಆಡಿದರು. ನಾವು ಮೇಲೆ ಲೆಕ್ಕ ಹಾಕಿದ ಸ್ಥಿರತೆಯ ಅಂಕವನ್ನು ಅಮೆರಿಕದ ಸರ್ಕಾರ ಗಾಡಿಗಳ ಉರುಳುವಿಕೆಯ ರೇಟಿಂಗ್‌ಗೆ ಬಳಸೋಕೆ ಶುರು ಮಾಡಿದ್ದು 2001ರಲ್ಲಿ. ನಿಮ್ಮ ಗಾಡಿಗೆ ಎಷ್ಟು ಗಾಳಿ ಅನ್ನೋದು ಡ್ರೈವರ್ ಬಾಗಿಲಿನ ಚೀಟಿಯಲ್ಲೋ ಮ್ಯಾನ್ಯುಯಲ್‌ನಲ್ಲೋ ಇರುತ್ತೆ. ಖಾಲಿ ಗಾಡಿಗೊಂದು, ಲೋಡಿಗೊಂದು ಅಂತ ಎರಡು ಅಂಕಿ ಇದ್ದರೆ ಎರಡನ್ನೂ ಓದಿ.

ಗಾಳಿ ಸರಿ ಇದ್ದೂ ಗಾಡಿ ತೇಲಾಡಿದರೆ ಶಾಕ್ ಅಬ್ಸಾರ್ಬರ್, ರಬ್ಬರ್ ಬುಷ್, ಬಾಲ್ ಜಾಯಿಂಟ್ ನೋಡಿ. ಬೊಲೆರೊದಂತೆ ಹಿಂದೆ ಲೀಫ್ ಸ್ಪ್ರಿಂಗ್ ಇರೋ ಗಾಡಿಯಲ್ಲಿ ಆ್ಯಕ್ಸಲನ್ನು ಜಾಗದಲ್ಲಿ ಹಿಡಿದಿರೋದೇ ಆ ಪ್ಲೇಟುಗಳು. ಬುಷ್ ಸವೆದರೆ ತಿರುವಿನಲ್ಲಿ ಹಿಂದಿನ ಆ್ಯಕ್ಸಲ್ ತಾನೇ ಒಂದಿಷ್ಟು ಸ್ಟೀರಿಂಗ್ ತಿರುಗಿಸುತ್ತೆ. ಹಳೇ ಬುಷ್ ಬದಲಾಯಿಸದೆ ಅಲೈನ್‌ಮೆಂಟ್ ಮಾಡಿಸೋದು ದಂಡ.

ಇಷ್ಟಾದ ಮೇಲೆ ಆಂಟಿ-ರೋಲ್ ಬಾರ್. ಇದರ ಬಿಗಿತ ವ್ಯಾಸದ ನಾಲ್ಕನೇ ಘಾತಕ್ಕೆ ಹೊಂದಿಕೊಂಡಿದೆ. 24 ಮಿ.ಮೀ. ಬದಲು 27 ಹಾಕಿದರೆ ನೋಡೋಕೆ ವ್ಯತ್ಯಾಸವೇ ಇಲ್ಲ, ಬಿಗಿತ ಮಾತ್ರ ಶೇ. 60ರಷ್ಟು ಜಾಸ್ತಿ. ಭಾರ ದಾಟೋದನ್ನು ಬಾರ್ ನಿಲ್ಲಿಸಲ್ಲ. ಮುಂದೆಷ್ಟು, ಹಿಂದೆಷ್ಟು ಅಂತ ಹಂಚುತ್ತೆ. ಮುಂದೆ ಬಿಗಿ ಮಾಡಿದರೆ ಗಾಡಿಯ ಮೂಗು ತಿರುವಿನ ಹೊರಕ್ಕೆ ಎಳೆಯುತ್ತೆ, ಹಿಂದೆ ಅತಿಯಾದರೆ ಬಾಲ ಜಾರುತ್ತೆ. ಮಳೆಯಲ್ಲಿ ಘಾಟಿ ಇಳಿಯೋರಿಗೆ ಎರಡನೆಯದು ಹೆಚ್ಚು ಅಪಾಯ. ಹಾಗಾಗಿ ಹಿಂದಿನ ಬಾರ್ ಒಂದನ್ನೇ ದಪ್ಪ ಮಾಡಿಸೋದು ಬೇಡ ಅಂತಲೇ ನಮ್ಮ ಅಭಿಪ್ರಾಯ. ಅಗಲ ಹೆಚ್ಚಿಸೋಕೆ ಸ್ಪೇಸರ್ ಹಾಕಿದರೆ ಬೇರಿಂಗ್ ಮೇಲೆ ಹೊರೆ ಬೀಳುತ್ತೆ. ತಯಾರಕರ ವಿವರಣೆಯನ್ನು ಮೀರುವ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ ಅನ್ನೋದೂ ನೆನಪಿರಲಿ.

ಇನ್ನು ದುಡ್ಡೇ ಖರ್ಚಾಗದ ಒಂದು ಕೆಲಸ ಇದೆ. ಗುಂಡಿ ದಾಟೋಕೆ 4ಎಚ್ ಹಾಕಿದವರು ಹಾಗೇ ಘಾಟಿಗೆ ಬಂದುಬಿಡ್ತಾರೆ. ನಡುವೆ ಡಿಫರೆನ್ಷಿಯಲ್ ಇಲ್ಲದ ಪಾರ್ಟ್-ಟೈಮ್ ಗಾಡಿಯಲ್ಲಿ ಮುಂದಿನ, ಹಿಂದಿನ ಆ್ಯಕ್ಸಲ್ ಒಂದೇ ವೇಗದಲ್ಲಿ ತಿರುಗಲೇಬೇಕು. ಹಿಂದಿನ ಆ್ಯಕ್ಸಲ್ 6 ಮೀಟರ್ ತ್ರಿಜ್ಯದಲ್ಲಿ ತಿರುಗುವಾಗ, ವೀಲ್‌ಬೇಸ್ 2.7 ಮೀಟರ್ ಇದ್ದರೆ, ಪೈಥಾಗರಸ್ ಪ್ರಕಾರ ಮುಂದಿನದರ ತ್ರಿಜ್ಯ 6.58. ಅಂದರೆ ಮುಂದಿನ ಚಕ್ರ ಸುಮಾರು ಶೇ. 10 ಹೆಚ್ಚು ದೂರ ಹೋಗಬೇಕು. ಕೆಸರಿನಲ್ಲಿ ಚಕ್ರ ಜಾರಿ ಈ ಲೆಕ್ಕ ಚುಕ್ತಾ ಆಗುತ್ತೆ. ಒಣ ಡಾಂಬರಿನಲ್ಲಿ ಜಾರೋಕೆ ಬಿಡಲ್ಲ. ಶಾಫ್ಟುಗಳು ತಿರುಚಿಕೊಂಡು ಸ್ಟೀರಿಂಗ್ ಕಲ್ಲಾಗುತ್ತೆ, ಗಾಡಿ ತಿರುವಿನಲ್ಲಿ ನೆಟ್ಟಗೆ ಹೋಗೋಕೆ ಹಟ ಹಿಡಿಯುತ್ತೆ. ಒಣ ರಸ್ತೆ ಸಿಕ್ಕ ಕೂಡಲೇ ಲಿವರ್ 2ಎಚ್‌ಗೆ ಬರಲಿ. ಲೈಟ್ ಆರದಿದ್ದರೆ ಸ್ವಲ್ಪ ದೂರ ನೇರವಾಗಿ ಓಡಿಸಿ, ಅಥವಾ ಒಂದೆರಡು ಮೀಟರ್ ರಿವರ್ಸ್ ತೆಗೆಯಿರಿ, ಬಿಟ್ಟುಕೊಳ್ಳುತ್ತೆ.