ವರ್ಕರ್ ಮೇಲೇಳದಿದ್ದರೆ: ಏಳು ಸೂತ್ರಗಳು

ಪೇರೆಂಟ್ ಪ್ರೊಸೆಸ್ ಎಬ್ಬಿಸಿದ ಎಂಟು ವರ್ಕರ್ ಪ್ರೊಸೆಸ್‌ಗಳಲ್ಲಿ ಏಳು ಎದ್ದವು, ಒಂದು ಏಳಲಿಲ್ಲ. ಮುಂದೇನು ಎಂಬುದು ಕೋಡ್ ಬರೆಯುವಾಗಲೇ ತೀರ್ಮಾನವಾಗಿರಬೇಕು, ನಡುರಾತ್ರಿ ಫೋನ್ ಬಂದಾಗಲ್ಲ.

1. ಎಲ್ಲಕ್ಕೂ ಒಂದೇ ಗಡುವು ಇಡಿ. ತಲಾ 30 ಸೆಕೆಂಡಿನಂತೆ ಒಂದಾದ ಮೇಲೊಂದಕ್ಕೆ ಕಾದರೆ ಎಂಟು ವರ್ಕರ್‌ಗೆ ನಾಲ್ಕು ನಿಮಿಷ ಹೋಯಿತು. ಗಡುವನ್ನು ಮೊನೊಟೋನಿಕ್ ಗಡಿಯಾರದಲ್ಲೇ ಅಳೆಯಿರಿ. ಸಿಸ್ಟಮ್‌ನ ಗಡಿಯಾರವನ್ನು ಯಾರಾದರೂ ಹಿಂದೆ ಮುಂದೆ ಮಾಡಿದರೆ ಲೆಕ್ಕ ಕೆಡುತ್ತದೆ.

2. ಪಿಐಡಿ ಸಿಕ್ಕಿತೆಂದು ಬೀಗಬೇಡಿ. ಕೆಲಸಕ್ಕೆ ಸಿದ್ಧವಾದ ವರ್ಕರ್ ಪೈಪ್‌ನಲ್ಲಿ ಒಂದು ಸಂದೇಶ ಕಳಿಸಲಿ. ಸಂದೇಶ ಬರದೆ ಪೈಪ್ ಮುಚ್ಚಿಕೊಂಡರೆ ವರ್ಕರ್ ಸತ್ತಿದೆ ಎಂದೇ ತಿಳಿಯಿರಿ, ಗಡುವು ಮುಗಿಯುವ ತನಕ ಕಾಯಬೇಕಿಲ್ಲ. ಆದರೆ ಪೇರೆಂಟ್ ತನ್ನ ಬಳಿಯಿರುವ ಬರೆಯುವ ತುದಿಯನ್ನು ಮೊದಲೇ ಮುಚ್ಚಿರಬೇಕು. ಇಲ್ಲವಾದರೆ ಪೈಪ್ ಮುಚ್ಚಿದ ಸುದ್ದಿ ಬರುವುದೇ ಇಲ್ಲ.

3. ಎಕ್ಸಿಟ್ ಕೋಡ್ ಓದಿ. ಶೆಲ್ 127 ಕೊಟ್ಟರೆ ಕಮಾಂಡೇ ಸಿಕ್ಕಿಲ್ಲ. 126 ಆದರೆ ಕಮಾಂಡ್ ಇದೆ, ಓಡಿಸಲು ಆಗಿಲ್ಲ. 137 ಎಂದರೆ 128 ಕೂಡಿಸು 9, ಅಂದರೆ ಸಿಗ್‌ಕಿಲ್. ಮೆಮೊರಿ ಸಾಲದೆ ಕರ್ನೆಲ್ ಕೊಂದಿದೆಯೇ ನೋಡಿ. ಲಾಗ್‌ನಲ್ಲಿ ಬರೀ ‘ಟೈಮ್‌ಔಟ್’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ.

4. ಗಡುವು ಮೀರಿದ ವರ್ಕರ್‌ಗೆ ಮೊದಲು ಸಿಗ್‌ಟರ್ಮ್, ಆಮೇಲೆ ಸಿಗ್‌ಕಿಲ್. ನಡುವೆ ಸ್ವಲ್ಪ ಸಮಯ ಕೊಡಿ. ಕುಬರ್ನೆಟೀಸ್ ತಾನಾಗಿ ಕೊಡುವುದು 30 ಸೆಕೆಂಡ್. ವರ್ಕರ್ ತಾನೇ ಬೇರೆ ಪ್ರೊಸೆಸ್‌ಗಳನ್ನು ಹುಟ್ಟಿಸಿದ್ದರೆ ಸಿಗ್ನಲ್ ಇಡೀ ಪ್ರೊಸೆಸ್ ಗ್ರೂಪ್‌ಗೆ ಹೋಗಲಿ.

5. ಕೊಂದ ಮೇಲೆ ವೇಟ್‌ಪಿಡ್ ಕರೆಯಿರಿ. ಕರೆಯದಿದ್ದರೆ ಸತ್ತ ವರ್ಕರ್ ಜೋಂಬಿಯಾಗಿ ಪ್ರೊಸೆಸ್ ಪಟ್ಟಿಯಲ್ಲೇ ಉಳಿಯುತ್ತದೆ. ಪಿಎಸ್ ಕಮಾಂಡ್ ಕೊಟ್ಟರೆ ಸ್ಥಿತಿಯ ಕಾಲಮ್‌ನಲ್ಲಿ ‘ಝಡ್’ ಕಾಣುತ್ತದೆ.

6. ಕಸ ಗುಡಿಸುವ ಕೆಲಸ ಪೇರೆಂಟ್‌ನದು. ಸಿಗ್‌ಕಿಲ್ ತಿಂದ ಪ್ರೊಸೆಸ್‌ಗೆ ತನ್ನ ಕ್ಲೀನಪ್ ಕೋಡ್ ಓಡಿಸಲು ಅವಕಾಶವೇ ಸಿಗುವುದಿಲ್ಲ. ಅದು ಬಿಟ್ಟುಹೋದ ಪಿಐಡಿ ಫೈಲ್, ಶೇರ್ಡ್ ಮೆಮೊರಿ, ಯುನಿಕ್ಸ್ ಸಾಕೆಟ್ ಫೈಲ್ ಎಲ್ಲವನ್ನೂ ತೆಗೆಯಿರಿ. ಹಳೆಯ ಸಾಕೆಟ್ ಫೈಲ್ ಅಲ್ಲೇ ಇದ್ದರೆ, ವಿಳಾಸ ಈಗಾಗಲೇ ಬಳಕೆಯಲ್ಲಿದೆ ಎಂಬ ದೋಷ ತೋರಿಸಿ ಹೊಸ ವರ್ಕರ್ ಕೂಡ ಬಾಗಿಲಲ್ಲೇ ಬೀಳುತ್ತದೆ.

7. ಮತ್ತೆ ಎಬ್ಬಿಸುವಾಗ ಅವಸರ ಬೇಡ. ಕುಬರ್ನೆಟೀಸ್ 10, 20, 40 ಸೆಕೆಂಡ್ ಎಂದು ಹಿಗ್ಗಿಸುತ್ತಾ ಐದು ನಿಮಿಷದವರೆಗೆ ಕಾಯುವುದು ಇದಕ್ಕೇ. ಒಂದು ಮಿತಿ ದಾಟಿದ ಮೇಲೆ ನಿಲ್ಲಿಸಿ, ಮನುಷ್ಯರಿಗೆ ತಿಳಿಸಿ.

ಇಷ್ಟೂ ಕೋಡ್ ಸರಿಯಿದೆಯೇ ಎಂದು ತಿಳಿಯಲು ಒಂದೇ ದಾರಿ: ಟೆಸ್ಟ್‌ನಲ್ಲಿ ಬೇಕೆಂದೇ ತಪ್ಪು ಪಾತ್ ಕೊಟ್ಟು ವರ್ಕರ್ ಬೀಳಿಸಿ ನೋಡಿ. ಇದನ್ನು ಈ ವಾರವೇ ಮಾಡಿ.