ನೇತ್ರಾವತಿಯ ದಂಡೆಯಲ್ಲಿ ವಾಸೆಟ್ಠ ಸುತ್ತ

ಇಂದಿನ ಚಿಂತನೆ.

ತಂಗಿಯ ಮಗಳು ಡಿಸೆಂಬರ್ ರಜೆಗೆ ಬಂದಿದ್ದಾಳೆ. ಬೆಳಿಗ್ಗೆ ಆರೂವರೆಗೆ ನಾವಿಬ್ಬರೂ ಫರಂಗಿಪೇಟೆಯಲ್ಲಿ ಹೆದ್ದಾರಿ ಬಿಟ್ಟು, ತೋಟದ ನಡುವಿನ ಕಾಲುದಾರಿಯಲ್ಲಿ ನೇತ್ರಾವತಿಗೆ ಇಳಿಯುತ್ತೇವೆ. ಹೊಳೆಯ ಮೇಲೆ ಮಂಜು. ನಮ್ಮ ಕರಾವಳಿಯ ಚಳಿ ಹೇಳಿಕೊಳ್ಳುವಂಥದ್ದಲ್ಲ, ಒಂಬತ್ತಕ್ಕೆಲ್ಲ ಬೆವರು. ಆದರೂ ಅವಳಿಗೆ ಸ್ವೆಟರ್ ಬೇಕೇ ಬೇಕು.

ನಿನ್ನೆ ನೀರಂಚಿನ ಕಲ್ಲುಗಳ ಮೇಲೆ ಎರಡು ಹಕ್ಕಿ. ಎರಡೂ ಹಿಂಭಾಗ ಕುಣಿಸುತ್ತಿದ್ದವು.

“ಮಾವ, ಎರಡೂ ಒಂದೇ ಜಾತಿಯಾ?”

ಜಾತಿ ಎಂಬ ಮಾತು ಮಗುವಿನ ಬಾಯಿಯಲ್ಲಿ ಬಂದರೂ ನನಗೆ ಒಮ್ಮೆ ಎದೆ ಬಿಗಿಯುತ್ತದೆ. “ಸರಿಯಾಗಿ ನೋಡು” ಎಂದೆ. ಒಂದಕ್ಕೆ ಬೂದು ಬೆನ್ನು, ಹಳದಿ ಹೊಟ್ಟೆ, ಉದ್ದ ಬಾಲ. ಅದು ಕುಂಡೆಕುಸ್ಕ. ಇನ್ನೊಂದಕ್ಕೆ ಕಂದು ಬೆನ್ನು, ಗಿಡ್ಡ ಬಾಲ. ಹೊಟ್ಟೆಯ ಬಿಳಿ ಭುಜದ ಹತ್ತಿರ ಚೂರು ಮೇಲೇರಿದೆ. ಅದು ಗೊರವ. ಎರಡೂ ಚಳಿಗಾಲದ ಅತಿಥಿಗಳು. ಹಿಮಾಲಯ ಮತ್ತು ಅದರಾಚೆಯಿಂದ ಮಳೆ ಮುಗಿಯುವ ಹೊತ್ತಿಗೆ ಬಂದು, ಬೇಸಿಗೆಯಲ್ಲಿ ಹೊರಡುತ್ತವೆ.

ಸುತ್ತನಿಪಾತದ ವಾಸೆಟ್ಠ ಸುತ್ತ ಶುರುವಾಗುವುದೂ ಇಂಥದೇ ಒಂದು ನಡಿಗೆಯಲ್ಲಿ. ವಾಸೆಟ್ಠ, ಭಾರದ್ವಾಜ ಎಂಬ ಇಬ್ಬರು ಯುವಕರು ಅಡ್ಡಾಡುತ್ತಾ ವಾದಕ್ಕೆ ಬೀಳುತ್ತಾರೆ: ಬ್ರಾಹ್ಮಣನಾಗುವುದು ಹುಟ್ಟಿನಿಂದಲೋ, ನಡತೆಯಿಂದಲೋ? ವಾದ ತೀರದೆ ಭಗವಾನರ ಬಳಿ ಬರುತ್ತಾರೆ. ಬುದ್ಧರು ಮೊದಲು ಹುಲ್ಲು, ಮರ, ಹುಳು, ಇರುವೆ, ಹಾವು, ಮೀನು, ಹಕ್ಕಿಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಾರೆ. ಇವುಗಳಲ್ಲಿ ಜಾತಿಯ ಗುರುತು ಮೈಮೇಲೇ ಇದೆ. ಆಮೇಲೆ ಮನುಷ್ಯನ ಕೂದಲು, ಕಿವಿ, ಕಣ್ಣು, ಕೈ, ಕಾಲು ಎಲ್ಲ ಹುಡುಕಿ, ಅಂಥ ಗುರುತು ಎಲ್ಲೂ ಇಲ್ಲ, ಇಲ್ಲಿನ ಭೇದ ಬರಿಯ ಹೆಸರಿನದು ಎನ್ನುತ್ತಾರೆ. ಹೊಳೆಬದಿಯಲ್ಲಿ ನಿಂತು ನೋಡಿದವರಿಗೆ ಈ ವಾದ ಬೇಗ ಹಿಡಿಸುತ್ತದೆ.

ಅಷ್ಟರಲ್ಲಿ ಒಂದು ಗರುಡ ಇಳಿಯಿತು. ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈ. ಇಂಗ್ಲಿಷಿನಲ್ಲಿ ಇದರ ಹೆಸರು ‘ಬ್ರಾಹ್ಮಿಣಿ ಕೈಟ್’. ದಡದಲ್ಲಿ ಸತ್ತು ಬಿದ್ದಿದ್ದ ಮೀನನ್ನು ಎತ್ತಿಕೊಂಡು ಹೋಯಿತು. ಸತ್ತದ್ದನ್ನು ತಿಂದರೂ ಗರುಡನಿಗೆ ಜನ ಕೈಮುಗಿಯುತ್ತಾರೆ. ಧಣಿಗಳ ಹಟ್ಟಿಯಲ್ಲಿ ಸತ್ತ ದನವನ್ನು ಎಳೆದು ಸಾಗಿಸುತ್ತಿದ್ದ ನನ್ನ ಅಜ್ಜನನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಬಾಬಾಸಾಹೇಬರು 1927ರ ಮಾರ್ಚಿನಲ್ಲಿ ಮಹಾಡದಲ್ಲಿ ಸತ್ತ ದನದ ಮಾಂಸ ಬಿಡಿ ಎಂದು ನಮ್ಮವರಿಗೆ ಕರೆ ಕೊಟ್ಟರು. ಈ ಮಾಂಸಕ್ಕೂ ಅಸ್ಪೃಶ್ಯತೆಗೂ ಇರುವ ನಂಟನ್ನು 1948ರ ‘ದಿ ಅನ್‌ಟಚಬಲ್ಸ್’ ಪುಸ್ತಕದಲ್ಲಿ ಬಿಡಿಸಿಟ್ಟರು. ಅಜ್ಜನಿಗೆ ಆ ಸುದ್ದಿ ಮುಟ್ಟಿದ್ದು ಬಹಳ ತಡವಾಗಿ.

ವಾಪಸು ಬರುವಾಗ ಗದ್ದೆಯ ಹುಣಿ ಹಿಡಿದೆವು. ಎರಡೂ ಕಡೆ ಸುಗ್ಗಿ ಬೆಳೆಯ ಹಸುರು, ಕಾಲಿಗೆಲ್ಲ ಇಬ್ಬನಿ. ಮಂಜಿನೊಳಗಿಂದ ಎದುರಿಗೆ ಯಾರೋ ಬಂದರು, ಮುಖ ಕಾಣಿಸಲಿಲ್ಲ. ಧಣಿಗಳು ಎದುರಾದರೆ ಅಜ್ಜ ಹುಣಿ ಬಿಟ್ಟು ಕೆಸರಿಗೆ ಇಳಿಯಬೇಕಿತ್ತು. ಯಾರೂ ಹೇಳದೆಯೇ ನನ್ನ ಒಂದು ಕಾಲು ಆಗಲೇ ಗದ್ದೆಯಲ್ಲಿತ್ತು. ಮಗು ಇಳಿಯಲಿಲ್ಲ. ಸ್ವಲ್ಪ ಓರೆಯಾಗಿ ನಿಂತು ಜಾಗ ಮಾಡಿಕೊಟ್ಟಳು. ಬಂದವರೂ ಓರೆಯಾಗಿ ದಾಟಿ ಹೋದರು.

“ಮಾವ, ನಿಮ್ಮ ಚಪ್ಪಲಿ ಕೆಸರಾಯಿತಲ್ಲ” ಎಂದಳು.

ಜೈ ಭೀಮ್.